ಆಷಾಢದಲ್ಲಿ ಕೇರಿದ ಮನೆ

ಪುಷ್ಪಲತಾ ಅವರ ಮನೆಯಲ್ಲಿ ಚಟ್ನಿ ಮಾಡಿದ ದಿನ ಯಾರೂ ಬಿಸಿನೀರಿನ ಸ್ನಾನ ಮಾಡುತ್ತಿರಲಿಲ್ಲ.

ಬಡತನವೇನೂ ಇರಲಿಲ್ಲ. ಮಿಕ್ಸಿ ಇತ್ತು, ಗೀಸರ್ ಇತ್ತು, ಎರಡಕ್ಕೂ ಸಾಲುವಷ್ಟು ಕರೆಂಟಿತ್ತು. ಇಲ್ಲದೇ ಇದ್ದದ್ದು ಹಾಲ್‌ನ ಗೋಡೆಯ ಮೇಲಿದ್ದ ಮನೆಪೆಟ್ಟಿಗೆಯಲ್ಲಿ ಜಾಗ. ಆ ಕಾಲಕ್ಕೆ ಗುಂಡಿ ಒತ್ತಿ ನಡೆಸುವ ಮಿಕ್ಸಿ ಗುಜರಿ ಅಂಗಡಿಯಲ್ಲಿಯೂ ಸಿಗುತ್ತಿರಲಿಲ್ಲ. ಮನೆಯ ಪ್ರತಿಯೊಂದು ಯಂತ್ರವೂ ಒಂದೊಂದು ಆ್ಯಪ್‌ನಿಂದ ನಡೆಯುತ್ತಿತ್ತು. ಆ ಆ್ಯಪ್‌ಗಳೆಲ್ಲ ಟಿಫಿನ್ ಡಬ್ಬಿಯಷ್ಟಿದ್ದ ಆ ಪೆಟ್ಟಿಗೆಯೊಳಗೇ ಕೂರಬೇಕಿತ್ತು. ಮಿಕ್ಸಿಯ ಆ್ಯಪ್ ಹಾಕಿದರೆ ಗೀಸರಿನದು ತೆಗೆಯಬೇಕು. ಗೀಸರಿನದು ಹಾಕಿದರೆ ಮಿಕ್ಸಿಯದು. ಹಾಗಾಗಿ ಮೈಸೂರಿನ ಕನಕಗಿರಿಯ ಆ ಮನೆಯಲ್ಲಿ ಬೆಳಗಿನ ಮೊದಲ ಮಾತು, "ಇವತ್ತು ಚಟ್ನಿನೋ ಸ್ನಾನನೋ?"

ತಪ್ಪು ಮಿಕ್ಸಿಯದಲ್ಲ. ಯಂತ್ರ ಮಾಡುವವರು ಯಾರೂ ಆ್ಯಪನ್ನು ಮೊದಲಿನಿಂದ ಕೂತು ಬರೆಯುತ್ತಿರಲಿಲ್ಲ. ಎಲ್ಲ ಸಿದ್ಧವಾಗಿ ಸಿಗುವ ದೊಡ್ಡದೊಂದು ಫ್ರೇಮ್‌ವರ್ಕ್ ತಂದು ಅದರ ಮೇಲೆ ತಮ್ಮ ನಾಲ್ಕು ಸಾಲು ಬರೆದು ಕೈತೊಳೆದುಕೊಳ್ಳುತ್ತಿದ್ದರು. ಒಗ್ಗರಣೆಗೆ ಒಂದು ಚಮಚ ಸಾಸಿವೆ ಕೇಳಿದರೆ ಅಂಗಡಿಯವನು ಅಂಗಡಿಯನ್ನೇ ತಂದು ಅಡುಗೆಮನೆಯಲ್ಲಿ ಇಳಿಸಿ ಹೋದ ಹಾಗೆ. ಸಂಪ್ ಮೋಟರಿಗೆ ಇದ್ದ ಕೆಲಸ ಶುರುವಾಗುವುದು ಮತ್ತು ನಿಲ್ಲುವುದು. ಅದರ ಆ್ಯಪ್‌ನೊಳಗೆ ಮಾತ್ರ ಪ್ರಪಂಚದ ಭೂಪಟ, ಬಲದಿಂದ ಎಡಕ್ಕೆ ಬರೆಯುವ ಲಿಪಿಗಳು, ಹಿಮ ಬಿದ್ದು ಪೈಪು ಹೆಪ್ಪುಗಟ್ಟಿದರೆ ಕೊಡುವ ಎಚ್ಚರಿಕೆ, ಹುಟ್ಟುಹಬ್ಬದ ಕೇಕಿನ ಮೇಲೆ ಮೇಣದಬತ್ತಿ ಆರುವ ಚಿತ್ರ ಎಲ್ಲವೂ ಇದ್ದವು. ಮಿಕ್ಸಿಯೊಳಗೆ ಮತ್ತೆ ಅದೇ ಅಂಗಡಿ, ಗೀಸರಿನೊಳಗೆ ಮತ್ತೊಮ್ಮೆ. ಎಲ್ಲ ಸೇರಿ ಒಂದೇ ಅಂಗಡಿ ಹಂಚಿಕೊಳ್ಳಬಹುದಿತ್ತಲ್ಲ ಎಂದರೆ, ಒಬ್ಬರದು ಹೋದ ವರ್ಷದ ಅಂಗಡಿ, ಇನ್ನೊಬ್ಬರದು ಈ ವರ್ಷದ್ದು. ಒಂದರ ಮುಚ್ಚಳ ಇನ್ನೊಂದಕ್ಕೆ ಕೂರುತ್ತಿರಲಿಲ್ಲ.

ಇಂಥ ಮನೆಗೆ ವೈಶಾಖದಲ್ಲಿ ಇಂಚರ ಸೊಸೆಯಾಗಿ ಬಂದಳು. ಬನ್ನೂರಿನವಳು. ರವಿಕೆಗೆ ಕಸೂತಿ ಹಾಕುವುದರಲ್ಲಿ ಅವಳಿಗೆ ಊರಲ್ಲಿ ಹೆಸರಿತ್ತು. ತವರಿನಿಂದ ತನ್ನ ಹೊಲಿಗೆ ಮಿಷನ್ನನ್ನೂ ತಂದಿದ್ದಳು.

ಪುಷ್ಪಲತಾ ಪೆಟ್ಟಿಗೆಯ ಮುಂದೆ ನಿಂತು ಬಹಳ ಹೊತ್ತು ನೋಡಿದರು. "ಜಾಗ ಇಲ್ಲ ಕಣಮ್ಮ. ನಿನ್ ಮಿಷನ್ ಹಾಕ್ಬೇಕು ಅಂದ್ರೆ ಬಾಗಿಲು ತೆಗೀಬೇಕಾಗುತ್ತೆ."

ಬಾಗಿಲು ಎಂದರೆ ಬಾಗಿಲಿನ ಆ್ಯಪ್. ಅದು ಬಂದವರ ಮುಖ ನೋಡಿ, ಹೆಸರು ಹಿಡಿದು ಕರೆದು, ತಾನೇ ತೆರೆದುಕೊಳ್ಳುತ್ತಿತ್ತು. ಪೆಟ್ಟಿಗೆಯಲ್ಲಿ ಅತಿ ಹೆಚ್ಚು ಜಾಗ ತಿನ್ನುತ್ತಿದ್ದದ್ದೂ ಅದೇ.

"ಇರ್ಲಿ ಬಿಡಿ ಅತ್ತೆ" ಎಂದು ಇಂಚರ ಮಿಷನ್ನಿಗೆ ಹಳೆಯ ಸೀರೆ ಹೊದಿಸಿ ಮಂಚದ ಕೆಳಗೆ ತಳ್ಳಿದಳು. ಆದರೆ ದಿನವೂ ಅದನ್ನು ಎಳೆದು, ಧೂಳು ಒರೆಸಿ, ಮತ್ತೆ ತಳ್ಳುತ್ತಿದ್ದಳು. ಗಂಡ ಚಿರಂತ ಅದನ್ನು ನೋಡಿದ. ಅವನಿಗೆ ಸಮಾಧಾನ ಹೇಳಲು ಬರುತ್ತಿರಲಿಲ್ಲ. ಬರುತ್ತಿದ್ದದ್ದು ಯಂತ್ರ ಮಾಡುವುದು.

ಹೆಬ್ಬಾಳದ ಕೈಗಾರಿಕಾ ಪ್ರದೇಶದ ಒಂದು ಲ್ಯಾಬಿನಲ್ಲಿ ಚಿರಂತನ ಕೆಲಸ. ಅವನು ಅಲ್ಲಿ ಮಾಡಿದ ಯಂತ್ರಕ್ಕೆ ಮೊರ ಎಂದು ಹೆಸರಿಟ್ಟ. ನೋಡಲು ಬೆಂಕಿಪೊಟ್ಟಣದ ಹಾಗಿತ್ತು. ಮನೆಪೆಟ್ಟಿಗೆಗೆ ಚುಚ್ಚಿದರೆ ಆ್ಯಪ್‌ಗಳಲ್ಲಿ ಕಾಳನ್ನು ಉಳಿಸಿ ಹೊಟ್ಟನ್ನು ತೂರುವುದು ಅದರ ಕೆಲಸ.

"ಇದು ಹೊಟ್ಟು ಅಂತ ಅದಕ್ಕೆ ಹೆಂಗೆ ಗೊತ್ತಾಗುತ್ತೆ?" ಲ್ಯಾಬಿನ ಮುಖ್ಯಸ್ಥೆ ತಸ್ನೀಮ್ ಕೇಳಿದರು. "ನಾವೂ ಓದಿ ನೋಡಿ ಸೋತಿದೀವಿ. ಯಾವ ಭಾಗ ಯಾವತ್ತು ಯಾವುದನ್ನ ಹೆಸ್ರು ಹಿಡಿದು ಕರೆಯುತ್ತೋ ಓದಿದ್ರೆ ತಿಳಿಯಲ್ಲ."

"ಮೊರ ಓದಲ್ಲ ಮೇಡಂ. ಸುಮ್ನೆ ನೋಡುತ್ತೆ. ಒಂದು ತಿಂಗಳು ಮನೆ ನಡೆಯೋದನ್ನ ನೋಡಿ, ಯಾವ್ಯಾವ ಭಾಗ ಎದ್ದು ಕೆಲಸ ಮಾಡ್ತೋ ಅದಕ್ಕೆಲ್ಲ ಗುರುತು ಹಾಕುತ್ತೆ. ಗುರುತು ಬೀಳದೇ ಇದ್ದಿದ್ದು ಹೊಟ್ಟು."

"ಸತ್ತಿದೆ ಅಂದ್ಕೊಂಡಿದ್ದು ನಿದ್ದೆ ಮಾಡ್ತಿದ್ರೆ?"

"ಒಂದು ತಿಂಗಳು ಯಾರು ನಿದ್ದೆ ಮಾಡ್ತಾರೆ ಮೇಡಂ?"

ತಸ್ನೀಮ್‌ಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ. ಆದರೆ ಕಂಪನಿಯವರಿಗೆ ಆಗಲೇ ಅವಸರ ಹತ್ತಿತ್ತು. ವರಮಹಾಲಕ್ಷ್ಮಿ ಹಬ್ಬಕ್ಕೆ ಮೊರ ಮಾರುಕಟ್ಟೆಗೆ ಬರಬೇಕು, ಅದಕ್ಕೆ ಮೊದಲಿನ ತಿಂಗಳು ಪರೀಕ್ಷೆ ಮುಗಿಯಬೇಕು ಎಂದರು. ಮೊದಲಿನ ತಿಂಗಳು ಆಷಾಢ. ಆಷಾಢದಲ್ಲಿ ಯಾರೂ ಹೊಸ ವಸ್ತು ಕೊಳ್ಳುವುದಿಲ್ಲವಾದ್ದರಿಂದ ಪರೀಕ್ಷೆಗೆ ಅದೇ ಪ್ರಶಸ್ತ ಎಂದು ಮೀಟಿಂಗಿನಲ್ಲಿ ಎಲ್ಲರೂ ತಲೆಯಾಡಿಸಿದರು. ಅವರೆಲ್ಲರ ಮನೆಯಲ್ಲೂ ಪಂಚಾಂಗವಿತ್ತು. ಆಷಾಢದಲ್ಲಿ ಇನ್ನೂ ಏನೇನು ನಡೆಯುವುದಿಲ್ಲ ಎಂದು ಒಬ್ಬರೂ ಯೋಚಿಸಲಿಲ್ಲ.

ಕೆಲವು ಮನೆಗಳು ಮತ್ತು ಒಂದು ಮದುವೆ ಛತ್ರ ಪರೀಕ್ಷೆಗೆ ಸಿಕ್ಕವು. ಮನೆಗಳಲ್ಲಿ ಮೊದಲನೆಯದು ಚಿರಂತನದೇ.

ಪುಷ್ಪಲತಾ ಒಪ್ಪಲಿಲ್ಲ. "ಆಷಾಢದಲ್ಲಿ ಹೊಸದೇನೂ ಮನೆಗೆ ತರಬಾರ್ದು ಕಣೋ."

"ಇದು ತರೋದಲ್ಲಮ್ಮ, ತೆಗೆಯೋದು. ಬೇಡದ್ದೆಲ್ಲ ಹೊರಗೆ ಹೋಗುತ್ತೆ."

ಪುಷ್ಪಲತಾ ಯೋಚಿಸಿದರು. ತೆಗೆಯಬಾರದು ಎಂದು ಯಾರೂ ಹೇಳಿದ್ದು ಅವರಿಗೆ ನೆನಪಾಗಲಿಲ್ಲ. "ಹಂಗಾದ್ರೆ ಸರಿ."

ಮಿಷನ್ನಿಗೆ ಜಾಗ ಮಾಡುವುದೇ ಇದರ ಉದ್ದೇಶ ಎಂದು ಚಿರಂತ ಇಂಚರಗೆ ಹೇಳಲಿಲ್ಲ. ಅವಳು ಬಂದ ಮೇಲೆ ನೋಡಿ ಆಶ್ಚರ್ಯಪಡಲಿ ಎಂದುಕೊಂಡ. ಮದುವೆಯಾದ ಮೊದಲ ಆಷಾಢ ಅತ್ತೆ ಸೊಸೆ ಒಂದೇ ಹೊಸಿಲು ದಾಟಬಾರದಲ್ಲ. ಇಂಚರ ಬನ್ನೂರಿಗೆ ಹೊರಟಳು. ಅವಳ ಹಿಂದೆ ಬಾಗಿಲು ಮುಚ್ಚಿಕೊಂಡ ಮೇಲೆ ಚಿರಂತ ಪೆಟ್ಟಿಗೆಗೆ ಮೊರ ಚುಚ್ಚಿದ.

ಆ ತಿಂಗಳು ಮನೆಯಲ್ಲಿ ನಡೆದದ್ದು ಬಹಳ ಕಡಿಮೆ. ತಾಯಿ ಮಗ ಇಬ್ಬರೇ. ಅನ್ನ, ಸಾರು, ಚಟ್ನಿ, ಮಜ್ಜಿಗೆ. ಹಬ್ಬವಿಲ್ಲ, ನೆಂಟರಿಲ್ಲ, ಹೋಳಿಗೆಯಿಲ್ಲ. ಮೊರ ಎಲ್ಲವನ್ನೂ ಶ್ರದ್ಧೆಯಿಂದ ನೋಡಿತು.

ಆಷಾಢದ ಕೊನೆಯ ದಿನ ಅದು ತೂರಿತು. ಮರುದಿನ ಬೆಳಿಗ್ಗೆ ಪುಷ್ಪಲತಾ ಪೆಟ್ಟಿಗೆಯ ಮುಂದೆ ನಿಂತು ಕನ್ನಡಕ ಒರೆಸಿ ಮತ್ತೆ ನೋಡಿದರು. ಮುಕ್ಕಾಲು ಪಾಲು ಖಾಲಿ. ಸಂಪ್ ಮೋಟರಿನ ಆ್ಯಪ್ ಸಾಸಿವೆ ಕಾಳಿನಷ್ಟಾಗಿತ್ತು. ಅವರು ಒಂದು ಕಡೆ ಗೀಸರ್ ಹಾಕಿ, ಇನ್ನೊಂದು ಕಡೆ ಕಾಯಿ ಚಟ್ನಿ ತಿರುವಿದರು. ಸ್ನಾನ ಮಾಡಿ ಬಂದು ಚಟ್ನಿಯಲ್ಲಿ ಇಡ್ಲಿ ಅದ್ದಿಕೊಂಡು ತಿಂದರು. ಅವರ ಕಣ್ಣಲ್ಲಿ ನೀರಿತ್ತು. ಹಸಿಮೆಣಸಿನಕಾಯಿ ಸ್ವಲ್ಪ ಹೆಚ್ಚಾಗಿತ್ತು.

ಶ್ರಾವಣದ ಮೊದಲ ಶುಕ್ರವಾರ ಇಂಚರ ಬರುವುದೆಂದು ಗೊತ್ತಾಗಿತ್ತು. ಹತ್ತೂವರೆಗೆ ರಾಹುಕಾಲ. ಅಷ್ಟರೊಳಗೆ ಹೊಸಿಲು ದಾಟಬೇಕು. ಚಿರಂತ ಹೊಸ ಅಂಗಿ ಹಾಕಿಕೊಂಡು ಕಾಯುತ್ತಿದ್ದಾಗ ಲ್ಯಾಬಿನಿಂದ ಕರೆ ಬಂತು. ತಕ್ಷಣ ಬರಬೇಕು, ಛತ್ರದಲ್ಲಿ ತೊಂದರೆ.

ಅವನು ಲ್ಯಾಬಿನ ಕಂಟ್ರೋಲ್ ರೂಮಿಗೆ ಓಡಿ ಬಂದಾಗ ಛತ್ರದ ಮ್ಯಾನೇಜರ್ ದೊರೆಸ್ವಾಮಿ ಫೋನಿನಲ್ಲಿದ್ದ. ಮನೆಗೆ ಬರುವುದಕ್ಕೆ ಒಳ್ಳೆಯದಾದ ಶುಕ್ರವಾರ ಮದುವೆಗೂ ಒಳ್ಳೆಯದೇ ಆಗಿತ್ತು.

"ಸಾರ್, ಛತ್ರ ಗಂಡಿಗೆ ಕಣ್ಣು ಪರೀಕ್ಷೆ ಮಾಡ್ತಾ ಇದೆ."

"ಏನು?"

"ಆಷಾಢದಲ್ಲಿ ಮದ್ವೆ ಎಲ್ಲಿರ್ತವೆ ಸಾರ್? ಉಚಿತ ನೇತ್ರ ತಪಾಸಣೆ ಶಿಬಿರಕ್ಕೆ ಕೊಟ್ಟಿದ್ವಿ. ಈಗ ಅದಕ್ಕೆ ಅದೊಂದೇ ಗೊತ್ತಿರೋದು. ಪುರೋಹಿತ್ರು ಗಟ್ಟಿಮೇಳ ಅಂದ್ರೆ ದೀಪ ಎಲ್ಲ ಆರಿಸಿ ಗೋಡೆ ಮೇಲೆ ಅಕ್ಷರ ತೋರಿಸ್ತದೆ. ದೊಡ್ಡದ್ರಿಂದ ಸಣ್ಣದಕ್ಕೆ."

"ಜನ ಏನ್ಮಾಡ್ತಿದಾರೆ?"

"ಓದ್ತಿದಾರೆ ಸಾರ್. ಹೆಣ್ಣಿನ ಕಡೆಯೋರು ಕೊನೇ ಸಾಲಿನವರ್ಗೂ ಓದಿದ್ರು. ಗಂಡು ಮಧ್ಯದಲ್ಲೇ ನಿಂತ್ಬಿಟ್ಟ. ದೃಷ್ಟಿ ಮಂದ ಅನ್ನೋದನ್ನ ಮುಚ್ಚಿಟ್ಟಿದ್ರಿ ಅಂತ ಈಗ ಜಗಳ ಹತ್ಕೊಂಡಿದೆ."

ಹಿನ್ನೆಲೆಯಲ್ಲಿ ಛತ್ರದ ಧ್ವನಿ ನಿಧಾನವಾಗಿ, ಸ್ಪಷ್ಟವಾಗಿ ಕೇಳಿಸಿತು: "ಒಂದು ಕಣ್ಣು ಮುಚ್ಚಿಕೊಳ್ಳಿ."

ಚಿರಂತ ಕುರ್ಚಿ ಎಳೆದು ಕೂತ. ತೂರಿದ ಹೊಟ್ಟನ್ನೆಲ್ಲ ಲ್ಯಾಬಿನಲ್ಲಿ ತೆಗೆದಿಟ್ಟಿದ್ದರು, ಅದೊಂದು ಪುಣ್ಯ. ಆದರೆ ವಾಪಸ್ ತುಂಬಲು ಹೊತ್ತು ಹಿಡಿಯುತ್ತಿತ್ತು, ಒಂದು ಸಲಕ್ಕೆ ಒಂದೇ ಕಡೆಗೆ ಕಳಿಸಬಹುದಿತ್ತು. ಅವನು ಛತ್ರಕ್ಕೆ ಕಳಿಸಲು ಶುರುಮಾಡಿದ. ಆಗ ಅವನಿಗೆ ತನ್ನ ಮನೆಯ ಬಾಗಿಲು ನೆನಪಾಯಿತು. ಆಷಾಢ ಪೂರ್ತಿ ಅದು ನೋಡಿದ್ದು ಎರಡೇ ಮುಖ.

"ಮೇಡಂ," ಎಂದ, "ಛತ್ರ ನಿಲ್ಲಿಸಿ ಮೊದ್ಲು ನಮ್ಮನೆಗೆ ಕಳಿಸ್ಲಾ?"

ತಸ್ನೀಮ್ ಗಡಿಯಾರ ನೋಡಿದರು. "ಅಲ್ಲಿ ಇನ್ನೂ ತಾಳಿ ಕಟ್ಟಿಲ್ಲ ಚಿರಂತ. ನಿಂದು ಕಟ್ಟಾಗಿದೆ. ನಿಂದು ಸ್ವಲ್ಪ ತಡ್ಕೊಳುತ್ತೆ."

ತಡೆದುಕೊಳ್ಳುವ ಹಾಗೆ ಕಾಣುತ್ತಿರಲಿಲ್ಲ. ಅದೇ ಹೊತ್ತಿಗೆ ಕನಕಗಿರಿಯ ಮನೆಯ ಮುಂದೆ ಬನ್ನೂರಿನ ಕಾರು ನಿಂತಿತ್ತು. ಇಂಚರಳ ತಂದೆ ಕೆಂಪರಾಜು ಒಂದು ಕೈಯಲ್ಲಿ ಚಕ್ಕುಲಿ ಡಬ್ಬ, ಇನ್ನೊಂದರಲ್ಲಿ ಹೂವಿನ ಬುಟ್ಟಿ ಹಿಡಿದು ಇಳಿದರು. ಇಂಚರ ಮುಂದೆ ಬಂದು ಮೆಟ್ಟಿಲ ಮೇಲೆ ಕಾಲಿಟ್ಟಳು. ಬಾಗಿಲು ಅವಳನ್ನು ನೋಡಿತು. ಅದರೊಳಗೆ ಅವಳ ಹೆಸರಿನ ಚೀಟಿ ಉಳಿದಿತ್ತು, ಆದರೆ ಚೀಟಿ ತೋರಿಸುತ್ತಿದ್ದ ಜಾಗ, ಅಂದರೆ ಅವಳನ್ನು ಒಳಗೆ ಬಿಡುವ ಭಾಗ, ಬರಿದಾಗಿತ್ತು. ಕ್ಷಮಿಸಿ, ದಯವಿಟ್ಟು ಎಂಬಂಥ ಮಾತುಗಳು ಆಷಾಢದಲ್ಲಿ ಬೇಕಾಗದೆ ಅವೂ ಹೋಗಿದ್ದವು.

"ಇಂಚರ," ಎಂದಿತು ಬಾಗಿಲು, ಬೀದಿಗೆಲ್ಲ ಕೇಳುವ ಹಾಗೆ. "ಬಳಕೆಯಲ್ಲಿಲ್ಲ. ತೆಗೆಯಲಾಗಿದೆ."

"ಏನಂತು ಅದು?" ಕೆಂಪರಾಜು ಕೇಳಿದರು.

ಬಾಗಿಲು ಮತ್ತೊಮ್ಮೆ ಹೇಳಿತು.

ಒಳಗಿನಿಂದ ಪುಷ್ಪಲತಾ ಆರತಿ ತಟ್ಟೆ ಹಿಡಿದು ಬಂದು ಬಾಗಿಲು ತೆರೆದರು. ಅವರ ಮುಖದಲ್ಲಿ ಅರ್ಧ ನಗು ಇತ್ತು, ಅದು ಅಲ್ಲೇ ನಿಂತುಬಿಟ್ಟಿತು. ಎದುರುಮನೆಯ ಶಾರದಮ್ಮ ಗಿಡಕ್ಕೆ ನೀರು ಬಿಡುತ್ತಿದ್ದವರು, ನೀರು ರಸ್ತೆಗೆ ಹೋಗುತ್ತಿದ್ದರೂ ಇತ್ತ ತಿರುಗಿಯೇ ಇದ್ದರು.

"ಬೀಗ್ತಿಯವ್ರೇ," ಎಂದರು ಕೆಂಪರಾಜು, "ಬೇಡ ಅನ್ನೋದಿದ್ರೆ ನೀವೇ ಒಂದ್ ಮಾತು ಹೇಳ್ಬೋದಿತ್ತು. ಬಾಗಿಲ ಕೈಲಿ ಯಾಕ್ ಹೇಳಿಸ್ತೀರಿ?"

"ಅಯ್ಯೋ, ನಾನ್ಯಾಕೆ ಹೇಳಿಸ್ಲಿ ಬೀಗ್ರೇ. ಚಿರಂತನ ಮೊರ ಮಾಡಿರೋ ಕೆಲ್ಸ ಇದು."

"ಮೊರ ಬಾಗಿಲಿಗೆ ಮಾತು ಕಲಿಸ್ತದಾ? ನಮ್ಮನೇಲೂ ಪೆಟ್ಗೆ ಅದೆ. ಹೆಸ್ರು ತೆಗೆಯೋಕೆ ಯಜಮಾನಿ ಕೈಲಿ ಮಾತ್ರ ಆಗೋದು. ತಾನಾಗೇ ಎದ್ದೋಗ್ತದಾ ಹೆಸ್ರು?"

ಜಾಗ ಇಲ್ಲ ಕಣಮ್ಮ ಎಂದಿದ್ದ ಅತ್ತೆಯ ಮಾತು ಇಂಚರಳ ಕಿವಿಯಲ್ಲಿತ್ತು. ತೆರೆದ ಬಾಗಿಲಿನಿಂದ ಪೆಟ್ಟಿಗೆ ಕಾಣುತ್ತಿತ್ತು. ಈಗ ಅದರಲ್ಲಿ ಎಷ್ಟೊಂದು ಜಾಗವಿತ್ತು. ಅವಳು ಗಂಡನಿಗೆ ಫೋನ್ ಮಾಡಿದಳು.

"ಇಂಚು, ನಾನ್ ಹೇಳೋದು ಕೇಳು," ಚಿರಂತ ಒಂದೇ ಉಸಿರಿನಲ್ಲಿ ಹೇಳಿದ. "ಮೊರ ಆಷಾಢದಲ್ಲಿ ಬಳಸಿದ್ದನ್ನ ಉಳಿಸ್ತು, ಬಳಸದೇ ಇದ್ದಿದ್ದನ್ನೆಲ್ಲ ತೂರ್ತು. ನೀನು ಇಲ್ಲಿರ್ಲಿಲ್ಲ, ಅದಕ್ಕೆ..."

"ಹೊಟ್ಟು ಅಂತ ನನ್ನೂ ತೂರ್ಬಿಟ್ರಾ?"

"ಇನ್ನೊಂದು ಕಣ್ಣು ಮುಚ್ಚಿಕೊಳ್ಳಿ" ಎಂದು ಫೋನಿನಲ್ಲಿ ಯಾರೋ ಗಂಭೀರವಾಗಿ ಹೇಳಿದರು. ಕರೆ ನಿಂತಿತು.

ಅವಳು ಕೇಳಿದ್ದನ್ನು ಅಪ್ಪನಿಗೆ ಹೇಳಿದಳು. ಕೆಂಪರಾಜು ತಲೆ ಅಲ್ಲಾಡಿಸಿದರು. "ಗಂಡು ಮಗ ಹೆತ್ತೋಳನ್ನ ಬಿಟ್ಕೊಡ್ತಾನಾ? ಯಂತ್ರದ ಮೇಲೆ ಹಾಕ್ತಾನೆ. ಹತ್ತು ಮಗ ಕಾರು. ತೆಗ್ದಾಕಿರೋ ಮನೇಲಿ ಸೊಸೆ ಅಂತ ಹೆಂಗೆ ಇರ್ತೀಯ? ರಾಹುಕಾಲ ಬೇರೆ ಬರ್ತಾ ಅದೆ."

ಇಂಚರ ಅತ್ತೆಯ ಮುಖ ನೋಡಿದಳು. ಅತ್ತೆ ಏನಾದರೂ ಹೇಳಿದರೆ ನಿಲ್ಲಬೇಕೆಂದಿದ್ದಳು. ಪುಷ್ಪಲತಾ ಬಾಗಿಲನ್ನೇ ನೋಡುತ್ತಿದ್ದರು. ಇಂಚರ ಕಾರಿನ ಬಾಗಿಲು ತೆರೆದು ಒಂದು ಕಾಲು ಒಳಗಿಟ್ಟಳು.

ಪುಷ್ಪಲತಾ ಆರತಿ ತಟ್ಟೆಯನ್ನು ಜಗಲಿಯ ಮೇಲಿಟ್ಟರು. ಹೊರಗೆ ಬಂದು ಬಾಗಿಲನ್ನು ಎಳೆದು ಮುಚ್ಚಿ, ಅದರ ಕಣ್ಣಿಗೆ ಮುಖ ಕೊಟ್ಟು ನಿಂತರು.

"ಏಯ್. ನಾನು ಪುಷ್ಪಲತಾ. ಈ ಮನೆ ಯಜಮಾನಿ. ಅವ್ಳಿಲ್ಲದ ಮನೇಲಿ ನನ್ನ ಹೆಸ್ರೂ ಬೇಡ. ಪುಷ್ಪಲತಾ ಅನ್ನೋ ಹೆಸ್ರು ತೆಗೆದುಹಾಕು."

ಬಾಗಿಲು ಕ್ಷಣ ಹುಡುಕಿತು.

"ಹೆಸರು ತೆಗೆಯುವುದು," ಎಂದಿತು. "ಬಳಕೆಯಲ್ಲಿಲ್ಲ. ತೆಗೆಯಲಾಗಿದೆ."

"ನೋಡಿ, ಕೊನೆಗೆ ನನ್ ಮಾತೂ ಕೇಳಲ್ಲ ಇದು" ಎಂದು ಪುಷ್ಪಲತಾ ಮೆಟ್ಟಿಲ ಮೇಲೆಯೇ ಕುಳಿತರು.

ಇಂಚರ ಕಾರಿನೊಳಗಿದ್ದ ಕಾಲನ್ನು ಹೊರಗೆ ತೆಗೆದಳು. "ಅಪ್ಪ, ಒಂದ್ನಿಮಿಷ. ಅತ್ತೆ ನನ್ನ ಹೆಸ್ರು ತೆಗ್ದಿದ್ರೆ, ಹೆಸ್ರು ತೆಗೆಯೋ ಭಾಗನ ಅವ್ರು ಬಳಸಿದಂಗಾಯ್ತಲ್ಲ?"

"ಆಯ್ತು. ಅದೇ ನಾನೂ ಹೇಳ್ತಿರೋದು."

"ಬಳಸಿದ್ದು ಉಳೀತದೆ, ಬಳಸ್ದೇ ಇದ್ದಿದ್ದು ಹೋಗ್ತದೆ ಅಂದ್ರು ಅವ್ರು ಫೋನಲ್ಲಿ. ಈಗ ಹೆಸ್ರು ತೆಗೆಯೋ ಭಾಗವೇ ಹೋಗ್ಬಿಟ್ಟದೆ. ಅಂದ್ರೆ ಆಷಾಢ ಪೂರ್ತಿ ಈ ಮನೇಲಿ ಯಾರೂ ಯಾರ ಹೆಸ್ರನ್ನೂ ತೆಗ್ದಿಲ್ಲ."

ಕೆಂಪರಾಜು ತುಟಿ ಅಲ್ಲಾಡಿಸುತ್ತಾ ಅದನ್ನು ಮೊದಲಿನಿಂದ ಕೊನೆಯವರೆಗೆ ಒಮ್ಮೆ, ಕೊನೆಯಿಂದ ಮೊದಲಿಗೆ ಒಮ್ಮೆ ಹೇಳಿಕೊಂಡರು. ಎರಡು ಕಡೆಯಿಂದಲೂ ಸರಿಹೋಯಿತು. ಆದರೂ ಒಂದು ಅನುಮಾನ ಉಳಿಯಿತು. "ಬಾಗಿಲು ಸುಳ್ಳು ಹೇಳ್ತಿದ್ರೆ?"

"ಸುಳ್ಳು ಹೇಳೋ ಅಷ್ಟು ಅದರಲ್ಲಿ ಏನೂ ಉಳಿದಿಲ್ಲ ಅಪ್ಪ."

ಕೆಂಪರಾಜು ಚಕ್ಕುಲಿ ಡಬ್ಬವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದರು. "ಬೀಗ್ತಿಯವ್ರೇ, ನಾನು ಒಂದ್ ಮಾತು ಜಾಸ್ತಿ ಆಡ್ಬಿಟ್ಟೆ."

"ಅದನ್ನ ಒಳಗೆ ಬಂದು ಆಡಿ. ಹತ್ತೂ ಇಪ್ಪತ್ತಾಗೋಯ್ತು" ಎಂದು ಪುಷ್ಪಲತಾ ಎದ್ದು, ಸೆರಗಿನಿಂದ ಕಣ್ಣೊರೆಸಿಕೊಂಡು, ತಮ್ಮ ಮುಖ ತೋರಿಸಿ ಬಾಗಿಲು ತೆರೆಸಿದರು. ಆರತಿ ಎತ್ತುವಾಗಲೂ ಅದು ಬಿಡದೆ ಇಂಚರ ಬಳಕೆಯಲ್ಲಿಲ್ಲ ಎಂದು ಹೇಳುತ್ತಲೇ ಇತ್ತು.

"ಬಾಯ್ಮುಚ್ಚು" ಎಂದರು ಪುಷ್ಪಲತಾ.

"ಬಾಯಿ ಮುಚ್ಚುವುದು," ಎಂದಿತು ಬಾಗಿಲು. "ಬಳಕೆಯಲ್ಲಿಲ್ಲ."

ಇಂಚರ ನಗುತ್ತಲೇ ಹೊಸಿಲು ದಾಟಿದಳು. ಅತ್ತೆಯ ಮನೆಯಲ್ಲಿ ಅವಳು ಶಬ್ದ ಮಾಡಿ ನಕ್ಕದ್ದು ಅದೇ ಮೊದಲು.

ಛತ್ರದಲ್ಲಿಯೂ ಮದುವೆ ನಡೆಯಿತು. ಹೊಟ್ಟು ವಾಪಸ್ ತುಂಬಿ ದೀಪ ಹತ್ತಿ, ಗಟ್ಟಿಮೇಳ ಮೊಳಗಿ, ಎಲ್ಲ ಸರಿಹೋಯಿತು ಎನ್ನುವಾಗ ಛತ್ರ ಕೊನೆಯ ಬಾರಿ "ಇನ್ನೊಂದು ಕಣ್ಣು" ಎಂದಿತಂತೆ. ಗಂಡು ಅಭ್ಯಾಸಬಲದಿಂದ ಕಣ್ಣು ಮುಚ್ಚಿ, ಕೊನೆಯ ಗಂಟನ್ನು ತಡವಿ ತಡವಿ ಹಾಕಿದನಂತೆ.

ಲ್ಯಾಬಿನ ಮೀಟಿಂಗಿನಲ್ಲಿ ತಸ್ನೀಮ್ ಮೊರ ತಪ್ಪು ಮಾಡಿಲ್ಲ ಎಂದರು. "ಅದು ನೋಡಿದ್ದನ್ನೇ ನಂಬ್ತು. ತೋರಿಸಿದ ತಿಂಗಳು ನಮ್ದು. ಇನ್ಮೇಲೆ ಯುಗಾದಿಯಿಂದ ಯುಗಾದಿವರೆಗೆ ನೋಡ್ಲಿ, ಆಮೇಲೆ ತೂರ್ಲಿ."

"ಒಂದ್ ವರ್ಷಾನಾ?" ಕಂಪನಿಯವರು ನರಳಿದರು.

"ಅಧಿಕಮಾಸ ಬಂದ್ರೆ ಇನ್ನೂ ಒಂದು ತಿಂಗಳು."

ಛತ್ರದ ನಂತರ ಬೇರೆ ಮನೆಗಳವರು ಜಗಳಕ್ಕೆ ಬಂದದ್ದರಿಂದ ಚಿರಂತನ ಮನೆಯ ಸರದಿ ಕೊನೆಗೆ ಹೋಯಿತು. ಒಳಗಿನ ಯಂತ್ರಗಳೂ ಮುಖ ನೋಡಿಯೇ ನಡೆಯುತ್ತಿದ್ದವಾದ್ದರಿಂದ ಅಲ್ಲಿಯವರೆಗೆ ಇಂಚರಗೆ ಒಲೆ ಹತ್ತುತ್ತಿರಲಿಲ್ಲ, ಗೀಸರ್ ಬಿಸಿಯಾಗುತ್ತಿರಲಿಲ್ಲ. ಬಚ್ಚಲಿನ ದೀಪ ಕೂಡ ಅವಳು ಹೋದರೆ, ಬಳಕೆಯಲ್ಲಿಲ್ಲ ಎಂದು ಕತ್ತಲಲ್ಲಿ ಹೇಳುತ್ತಿತ್ತು. ಪುಷ್ಪಲತಾ ಅವಳ ಹಿಂದೆಯೇ ಓಡಾಡಿ ಒಂದೊಂದಕ್ಕೂ ತಮ್ಮ ಮುಖ ತೋರಿಸಬೇಕಿತ್ತು. ಮೊದಲ ಎರಡು ದಿನ ಇಬ್ಬರಿಗೂ ಕಸಿವಿಸಿಯಾಯಿತು. ಆಮೇಲೆ ಜೊತೆಗಿರುವುದು ಹೇಗೂ ತಪ್ಪಿದ್ದಲ್ಲ ಎಂದು ಮಾತಾಡತೊಡಗಿದರು. ಕಾಜಾ ಹೊಲಿಗೆಯನ್ನು ಕೈಯಲ್ಲಿ ಹೇಗೆ ಹಾಕುವುದೆಂದು ಇಂಚರ ತೋರಿಸಿದಳು. ಪುಷ್ಪಲತಾ ಹಾಕಿದ ಕಾಜಾದಲ್ಲಿ ಗುಂಡಿ ಹೋಗಲಿಲ್ಲ, ಹೋದ ಮೇಲೆ ಬರಲಿಲ್ಲ.

ಕೊನೆಗೆ ಮನೆಗೂ ಹೊಟ್ಟು ವಾಪಸ್ ಬಂತು. ಹಿಮದ ಎಚ್ಚರಿಕೆ, ಬಲದಿಂದ ಎಡಕ್ಕೆ ಬರೆಯುವ ಲಿಪಿ, ಕೇಕಿನ ಮೇಣದಬತ್ತಿ, ಎಲ್ಲ ತಮ್ಮ ತಮ್ಮ ಜಾಗದಲ್ಲಿ ಕೂತವು. ಬಾಗಿಲು ಇಂಚರಳಿಗೆ ದಯವಿಟ್ಟು ಒಳಗೆ ಬನ್ನಿ ಎಂದಿತು. ಪೆಟ್ಟಿಗೆ ತುಂಬಿತು.

"ನಿನ್ ಮಿಷನ್‌ಗೆ ಜಾಗ ಮಾಡೋಕೆ ಹೋಗಿ..." ಎಂದು ಚಿರಂತ ತಲೆ ತಗ್ಗಿಸಿದ.

"ನನ್ನೇ ತೆಗೆದ್ರಿ" ಎಂದು ಇಂಚರ ಮುಗಿಸಿದಳು.

ಮರುದಿನ ಮಗ ಲ್ಯಾಬಿಗೆ ಹೋದ ಮೇಲೆ ಪುಷ್ಪಲತಾ ಪೆಟ್ಟಿಗೆಯ ಮುಂದೆ ನಿಂತು, ಯಾರನ್ನೂ ಕೇಳದೆ, ಒಂದು ಆ್ಯಪನ್ನು ತೆಗೆದುಹಾಕಿದರು. ಬಡಗಿಯನ್ನು ಕರೆಸಿದರು. ಮಂಚದ ಕೆಳಗೆ ಬಗ್ಗಿ ಹಳೆಯ ಸೀರೆ ಎಳೆದರು.

ಸಂಜೆ ಚಿರಂತ ಮನೆಗೆ ಬಂದು, ರೂಢಿಯಂತೆ ಬಾಗಿಲಿಗೆ ಮುಖ ಕೊಟ್ಟು ನಿಂತ. ಬಾಗಿಲು ನೋಡಲಿಲ್ಲ, ಕರೆಯಲಿಲ್ಲ, ತೆರೆಯಲೂ ಇಲ್ಲ. ಅದರ ಕಣ್ಣಿದ್ದ ಜಾಗದಲ್ಲಿ ಮರದ ಬಿರಡೆ ಹೊಡೆದಿತ್ತು. ಒಳಗೆ ಹೊಲಿಗೆ ಮಿಷನ್ ಟಕಟಕ ಓಡುತ್ತಿತ್ತು, ಅದರ ಜೊತೆಗೆ ಮಿಕ್ಸಿಯೂ. ಚಿರಂತ ಸ್ವಲ್ಪ ಹೊತ್ತು ಕಾದು, ಬೆರಳು ಮಡಿಸಿ ತಟ್ಟಿದ.

ಮಿಷನ್ ನಿಂತಿತು. "ಯಾರು?"

"ನಾನು."

"ನಾನು ಅಂದ್ರೆ?" ಇಂಚರಳ ಧ್ವನಿ. "ಬಳ್ಕೇಲಿದೀರಾ?"

ಒಳಗೆ ಅಮ್ಮ ಮುಸಿಮುಸಿ ನಗುವುದು ಕೇಳಿಸಿತು. ಚಿರಂತ ಯೋಚಿಸಿದ.

"ಕೊತ್ತಂಬರಿ ಸೊಪ್ಪು ತಂದಿದೀನಿ" ಎಂದ.

ಒಳಗಿನಿಂದ ಹೊಸ ಚಿಲಕ ಸರಿದ ಸದ್ದಾಯಿತು.